ವಾಸನೆ ಇಲ್ಲದ ಸಾಬೂನು

ಮೊನ್ನೆ ಶನಿವಾರ ಗ್ಯಾರೇಜು ಗುಡಿಸುವಾಗ ಹಸಿರು ಮುಚ್ಚಳದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಸಿಕ್ಕಿತು. ತೆಗೆದು ನೋಡಿದರೆ ಒಂದಷ್ಟು ಒಣಗಿದ ಎಲೆ, ಒಂಟಿ ಉಣ್ಣೆಯ ಕಾಲುಚೀಲ, ಅರ್ಧ ಸವೆದ ಸಾಬೂನು. ಸಾಬೂನನ್ನು ಮೂಗಿನ ಹತ್ತಿರ ಹಿಡಿದೆ. ಏನೂ ಇಲ್ಲ. ಮೂರು ವರ್ಷದ ಹಿಂದೆ ಹೊಸದಾಗಿದ್ದಾಗಲೂ ಏನೂ ಇರಲಿಲ್ಲ, ಏನೂ ಇರಬಾರದು ಎಂದೇ ಅದನ್ನು ತಯಾರಿಸಿದ್ದರು. ಮೈಸೂರಿನಲ್ಲಿ ಹುಟ್ಟಿ, ಗಂಧದ ಸಾಬೂನು ಉಜ್ಜಿಕೊಂಡು ಬೆಳೆದವನಿಗೆ ಇಂಥದ್ದನ್ನು ಕೈಯಲ್ಲಿ ಹಿಡಿಯುವುದೇ ಒಂದು ಅವಮಾನ. ಪೊರಕೆ ಗೋಡೆಗೊರಗಿಸಿ ನಿಂತವನಿಗೆ ಹಳೆಯ ಸಿಟ್ಟೆಲ್ಲ ಒಮ್ಮೆಗೇ ನೆತ್ತಿಗೇರಿತು.

ನನ್ನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಬೇಸರ ಮಾಡಿಕೊಳ್ಳಬಾರದು. ನನಗೆ ಸಿಟ್ಟು ಬೇಗ ಬರುತ್ತದೆ. ಬಂದಷ್ಟೇ ಬೇಗ ಹೋಗುತ್ತದೆ ಎಂದು ಸಿಟ್ಟಿನವರೆಲ್ಲ ಹೇಳಿಕೊಳ್ಳುವಂತೆ ನಾನೂ ಹೇಳಿಕೊಳ್ಳುತ್ತೇನೆ. ಹೆಂಡತಿ ಸುಮಂಗಲಾ ಹುಬ್ಬಳ್ಳಿಯವಳು, ವೃತ್ತಿಯಿಂದ ಡಾಕ್ಟರು, ಇದನ್ನು ಒಪ್ಪುವುದಿಲ್ಲ. “ನಿಮ್ಮ ಸಿಟ್ಟು ಎಲ್ಲೂ ಹೋಗೂದಿಲ್ರೀ. ಒಳಗ ಹೋಗಿ ಕುಂದರ್ತದ, ಮುಂದ ಯಾವಾಗರೆ ಬೇಕಾಗ್ತದಂತ” ಎನ್ನುತ್ತಾಳೆ. ಈ ಮಾತಿಗೂ ನನಗೆ ಸಿಟ್ಟು ಬರುತ್ತದೆ.

ನಿಧಿ ನಮ್ಮ ಒಬ್ಬಳೇ ಮಗಳು. ಈಗ ಆಸ್ಟಿನ್‌ನಲ್ಲಿ ಕಾಲೇಜು ಓದುತ್ತಿದ್ದಾಳೆ, ಆಗ ಹದಿನೈದು ವರ್ಷ. ಡಾಲಸ್‌ನ ಉತ್ತರಕ್ಕೆ ಅಲೆನ್‌ನಲ್ಲಿ ನಮ್ಮ ಮನೆ. ಅವಳ ಗೆಳತಿ ಕೇಟಿಯ ಮನೆಯವರು ತಾತನ ಕಾಲದಿಂದ ಬೇಟೆಯಾಡುವವರು. ಕೇಟಿಯ ಜೊತೆ ಹೋಗಿ ಹೋಗಿ ಇವಳೂ ಗಾಳಿಯಲ್ಲಿ ಹಾರುವ ಮಣ್ಣಿನ ಬಿಲ್ಲೆಗೆ ಗುರಿಯಿಟ್ಟು ಹೊಡೆಯುವುದನ್ನು ಕಲಿತಿದ್ದಳು. ಒಂದು ದಿನ ಆ ಶೂಟಿಂಗ್ ಕ್ಲಬ್ಬಿನ ಊಟದ ಕೂಟದಲ್ಲಿ ಚೀಟಿ ಎತ್ತಿದರು, ಇವಳ ಹೆಸರು ಬಂತು. ಬಹುಮಾನವೆಂದರೆ ಐಡಹೋ ರಾಜ್ಯದ ಕಾಡಿನಲ್ಲಿ ಐದು ದಿನ ಗೈಡಿನ ಜೊತೆ ಕರಡಿ ಬೇಟೆ. ಮಕ್ಕಳ ಜೊತೆ ತಂದೆಯೋ ತಾಯಿಯೋ ಇರಲೇಬೇಕು. ಬೇರೆಯವರ ಮಕ್ಕಳಿಗೆ ಇಂಥ ಚೀಟಿಯಲ್ಲಿ ಟೋಸ್ಟರ್ ಬರುತ್ತದೆ.

ಸುದ್ದಿ ಕೇಳಿ ಕನ್ನಡದ ಆಂಟಿಯರು ಒಬ್ಬೊಬ್ಬರಾಗಿ ಫೋನ್ ಮಾಡಿದರು. “ಮೊಟ್ಟೆ ಕೂಡ ಒಡೆಯದ ಮನೇಲಿ ಇದೇನ್ರೀ?” ಎಂದರು. ಪ್ರಶ್ನೆ ನ್ಯಾಯವಾಗಿಯೇ ಇತ್ತು. ನನಗೂ ಕರಡಿಯನ್ನು ಕೊಲ್ಲುವ ಆಸೆ ಇರಲಿಲ್ಲ, ಮಗಳು ಕೊಲ್ಲುವುದನ್ನು ನೋಡುವ ಧೈರ್ಯವೂ ಇರಲಿಲ್ಲ. ಆದರೂ ಬರುತ್ತೇನೆ ಎಂದುಬಿಟ್ಟಿದ್ದೆ. ಕಾರಣ ಬೇರೆ. ಅದಕ್ಕೆ ನಾಲ್ಕು ವರ್ಷ ಮೊದಲು ಪಕ್ಕದ ಊರು ಪ್ಲೇನೋದ ಟೆಲಿಕಾಂ ಕಂಪನಿಗಳಲ್ಲಿ ಸಾಲುಸಾಲಾಗಿ ಜನರನ್ನು ತೆಗೆದರಲ್ಲ, ಆಗ ನನ್ನ ಕೆಲಸವೂ ಹೋಗಿತ್ತು. ಮನೆಯಲ್ಲಿ ಕೂತು ಅಡುಗೆ ಕಲಿತೆ. ಬೇರೆ ಕೆಲಸ ಸಿಕ್ಕ ಮೇಲೂ ಅಡುಗೆ ನನ್ನ ಪಾಲಿಗೇ ಉಳಿಯಿತು. ದಿನಾ ನಾನೇ ನಿಧಿಯನ್ನು ಸ್ಕೂಲಿಗೆ ಬಿಡುತ್ತಿದ್ದೆ. ಅವಳ ಕಿವಿಯಲ್ಲಿ ಹೆಡ್‌ಫೋನ್, ನನ್ನ ಬಾಯಲ್ಲಿ ಬೈಗುಳ. ಇನ್ನೆರಡು ವರ್ಷಕ್ಕೆ ಹುಡುಗಿ ಕಾಲೇಜಿಗೆ ಹೊರಟುಹೋಗುತ್ತಾಳೆ. ಐದು ದಿನ ಪಕ್ಕದಲ್ಲಿ ಕೂತರೆ ನಾಲ್ಕು ಮಾತಾದರೂ ಆಡಬಹುದು ಎಂದು ನನ್ನ ಲೆಕ್ಕ. ಬೇಟೆಯಲ್ಲಿ ತುಟಿ ಬಿಚ್ಚುವಂತಿಲ್ಲ ಎಂಬುದು ಆಮೇಲೆ ತಿಳಿಯಿತು.

ತಯಾರಿ ಜನವರಿಯಲ್ಲೇ ಶುರುವಾಯಿತು. ಬೇಟೆಗಾರರ ತರಗತಿಗೆ ಸೇರಿ ಪಾಸಾಗಬೇಕು. ಪರವಾನಗಿ ನಿಧಿಗೆ ಮಾತ್ರ ಸಾಕಿತ್ತು, ನಾನೂ ಸೇರಿಕೊಂಡೆ. ತರಗತಿಯಲ್ಲಿ ಹತ್ತು ವರ್ಷದ ಪೋರನೊಬ್ಬ ನನ್ನ ಪಕ್ಕ ಕೂತು, ಬಂದೂಕಿನ ಬಾಯಿ ಯಾವ ಕಡೆ ಇರಬೇಕು ಎಂದು ನನಗೆ ಮೂರು ಸಲ ತಿದ್ದಿದ. ಪರೀಕ್ಷೆಯಲ್ಲಿ ಅವನಿಗೂ ನಿಧಿಗೂ ನನಗಿಂತ ಹೆಚ್ಚು ಅಂಕ. ಆಮೇಲೆ ಬೂಟು. ಹೊಸ ಬೂಟನ್ನು ಹಾಕಿಕೊಂಡು ನಡೆದು ನಡೆದು ಪಳಗಿಸಬೇಕೆಂದರು. ಎಲ್ಲಿ ಹೋದರೂ ಅದನ್ನೇ ಹಾಕಿಕೊಂಡು ಹೋದೆ. ದೇವಸ್ಥಾನಕ್ಕೆ ಹೋದಾಗ ಅದರ ದಾರ ಬಿಚ್ಚುವಷ್ಟರಲ್ಲಿ ಮಂಗಳಾರತಿ ಮುಗಿದುಹೋಯಿತು. ಚಪ್ಪಲಿಗಳ ನಡುವೆ ಆ ಬೂಟು ನೋಡಿ ಯಾರೋ ಪೊಲೀಸು ಬಂದಿದ್ದಾನೆ ಎಂದುಕೊಂಡರಂತೆ. “ನಿಮಗ ಸಿಟ್ಟು ಬಂದ್ರ ಕರಡಿ ತಾನ ಓಡಿ ಹೋಗ್ತದ. ಬೂಟು ಬಂದೂಕು ಯಾಕ್ ಬೇಕ್ರಿ?” ಎಂದಳು ಸುಮಂಗಲಾ.

ಇಷ್ಟೆಲ್ಲ ಸಹಿಸಿಕೊಂಡಿದ್ದೆ. ಏಪ್ರಿಲ್ ಮೊದಲ ವಾರದಲ್ಲಿ ಐಡಹೋದಿಂದ ಒಂದು ಪಟ್ಟಿ ಬಂತು. ಕರಡಿಗೆ ಕಣ್ಣು ಅಷ್ಟಕ್ಕಷ್ಟೇ, ಮೂಗು ಮಾತ್ರ ಬಹಳ ಚುರುಕು, ಆದ್ದರಿಂದ ಹೊರಡುವ ಮೂರು ವಾರ ಮೊದಲಿನಿಂದ ಈ ನಿಯಮಗಳನ್ನು ಪಾಲಿಸಿ ಎಂದು ಬರೆದಿದ್ದರು. ಬಟ್ಟೆಗಳನ್ನು ವಾಸನೆ ಇಲ್ಲದ ಪುಡಿಯಲ್ಲಿ ಒಗೆಯಬೇಕು. ಹೊರಗೆ ಗಾಳಿಯಲ್ಲಿ ಒಣಗಿಸಬೇಕು. ಮುಚ್ಚಳ ಭದ್ರವಾಗಿರುವ ಪೆಟ್ಟಿಗೆಯಲ್ಲಿ ಒಣ ಎಲೆಗಳ ಜೊತೆ ಇಡಬೇಕು. ತಲೆಗೆ ಎಣ್ಣೆ ಇಲ್ಲ, ಮುಖಕ್ಕೆ ಪೌಡರ್ ಇಲ್ಲ, ಸ್ನಾನಕ್ಕೆ ಈಗ ಹೇಳಿದೆನಲ್ಲ, ಆ ಸಾಬೂನು. ನಾನು ಬಡಾವಣೆಯ ನಿಯಮ ಮರೆತು ಹಿತ್ತಲಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದೆ. ನಾಲ್ಕೇ ದಿನದಲ್ಲಿ ಬಡಾವಣೆಯ ಸಂಘದಿಂದ ಕಾಗದ ಬಂತು, ಹೊರಗೆ ಬಟ್ಟೆ ಒಣಹಾಕುವುದು ಬಡಾವಣೆಯ ಅಂದಕ್ಕೆ ಧಕ್ಕೆಯಂತೆ. ಮನುಷ್ಯನ ಪಂಚೆ ಗಾಳಿಗೆ ಹಾರಿದರೆ ಅಂದ ಕೆಡುವ ಬಡಾವಣೆಯಲ್ಲಿ ನಾನು ಇಪ್ಪತ್ತು ವರ್ಷದ ಸಾಲ ಮಾಡಿ ಮನೆ ಕೊಂಡಿದ್ದೆ. ಹಗ್ಗ ಬಿಚ್ಚಲಿಲ್ಲ. ಎರಡನೆಯ ಕಾಗದ ಬಂದ ಮೇಲೆ ಸುಮಂಗಲಾ ಬಿಚ್ಚಿದಳು.

ಪಟ್ಟಿಯ ಏಳನೆಯ ಸಾಲನ್ನು ನಾನು ಓದಿರಲಿಲ್ಲ. ನಿಧಿ ಓದಿದ್ದಳು. ಭಾನುವಾರ ಬೆಳಿಗ್ಗೆ ಕೊಬ್ಬರಿ ಚಟ್ನಿಗೆ ಒಗ್ಗರಣೆ ಹಾಕಲು ಎಣ್ಣೆ ಕಾಯಿಸಿ ಸಾಸಿವೆ ಕೈಗೆ ತೆಗೆದುಕೊಂಡಿದ್ದೆ.

“ಅಪ್ಪಾ, ನಂಬರ್ ಸೆವೆನ್ ಓದಿದ್ಯಾ?”

“ಏನದು?”

“ನೋ ಕುಕಿಂಗ್ ಸ್ಮೆಲ್ಸ್. ಥ್ರೀ ವೀಕ್ಸ್.” ಆಮೇಲೆ ನನಗೆ ಅರ್ಥವಾಗಲಿಲ್ಲವೇನೋ ಎಂಬಂತೆ ಕನ್ನಡದಲ್ಲಿ ಹೇಳಿದಳು. “ಒಗ್ಗರಣೆ ಬೇಡ.”

ನೀವು ನನ್ನನ್ನು ನೋಡಿಲ್ಲ, ನನ್ನ ಒಗ್ಗರಣೆಯನ್ನೂ ಮೂಸಿಲ್ಲ. ಜಂಬವೆಂದುಕೊಂಡರೂ ಸರಿ, ಕೆಲಸ ಕಳೆದುಕೊಂಡ ಮನುಷ್ಯನಿಗೆ ತನ್ನದು ಎಂದು ಉಳಿದಿದ್ದು ಅದೊಂದೇ. ಸಾಸಿವೆ ಸಿಡಿದು ನಿಲ್ಲುವ ಹೊತ್ತು, ಇಂಗು ಬೀಳುವ ಹೊತ್ತು, ಕರಿಬೇವು ಚುಂಯ್ ಎನ್ನುವ ಹೊತ್ತು, ಇವುಗಳ ನಡುವೆ ಎಷ್ಟು ಬಿಡಬೇಕು ಎಂಬುದನ್ನು ಅಮ್ಮ ಫೋನಿನಲ್ಲಿ ಹೇಳಿಕೊಟ್ಟಿದ್ದಳು. “ಫೋನು ಬಾಣಲೆ ಹತ್ತಿರ ಹಿಡಿ, ಶಬ್ದ ಕೇಳಿ ಹೇಳ್ತೀನಿ” ಎಂದು ಮೈಸೂರಿನಿಂದಲೇ ನನ್ನ ಸಾಸಿವೆಯನ್ನು ಕಾದವಳು ಅವಳು. ಆ ವಿದ್ಯೆಯನ್ನು ಒಂದು ಕರಡಿಯ ಸಲುವಾಗಿ ಬಿಡಬೇಕಂತೆ. ಸಾಸಿವೆಯನ್ನು ಡಬ್ಬಕ್ಕೆ ವಾಪಸು ಸುರಿದೆ. ಒಗ್ಗರಣೆ ಇಲ್ಲದ ಚಟ್ನಿಯಲ್ಲಿ ಮೂವರೂ ದೋಸೆ ತಿಂದೆವು.

ಕರಡಿಯ ಮೂಗಿನ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾನು ಕರಡಿಯ ಮೇಲೆ ಕೂತವನು. ನಾವು ಚಿಕ್ಕವರಿದ್ದಾಗ ಮೈಸೂರಿನ ನಮ್ಮ ಬೀದಿಗೆ ಕರಡಿ ಆಡಿಸುವವನು ಬರುತ್ತಿದ್ದ. ರಾತ್ರಿ ಬೆಚ್ಚಿಬೀಳುವ ಮಕ್ಕಳನ್ನು ಒಂದು ಸಲ ಕರಡಿಯ ಬೆನ್ನ ಮೇಲೆ ಕೂರಿಸಿದರೆ ಹೆದರಿಕೆ ಹೋಗುತ್ತದೆ ಎಂದು ನಂಬಿಕೆ. ಅಮ್ಮ ನನ್ನನ್ನು ಎತ್ತಿ ಕೂರಿಸಿಯೇಬಿಟ್ಟಳು. ಆ ಒರಟು ಕೂದಲು, ಗೋಣಿಚೀಲದಂಥ ವಾಸನೆ ಇನ್ನೂ ನೆನಪಿದೆ. ಇಡೀ ಬೀದಿಗೆ ಕೇಳಿಸುವಂತೆ ಅತ್ತೆ. ಕರಡಿ ಮಾತ್ರ ನನ್ನ ಕಡೆ ತಿರುಗಿಯೂ ನೋಡದೆ, ಅಮ್ಮನ ಸೆರಗಿನ ಕಡೆ ಮೂತಿ ಚಾಚಿ ಉಸಿರೆಳೆದುಕೊಳ್ಳುತ್ತಿತ್ತು. ಆಗಷ್ಟೇ ಅಡುಗೆಮನೆಯಿಂದ ಬಂದ ಸೆರಗು. ಅಮ್ಮ ಅದಕ್ಕೊಂದು ಅಚ್ಚು ಬೆಲ್ಲ ಕೊಟ್ಟು, ಅದರ ಕೂದಲಿನ ತಾಯಿತವನ್ನು ನನ್ನ ಉಡಿದಾರಕ್ಕೆ ಕಟ್ಟಿದಳು. ಹೆದರಿಕೆ ಹೋಯಿತೋ ಇಲ್ಲವೋ, ಸಿಟ್ಟು ಶುರುವಾದದ್ದು ಆಗಲೇ ಎಂದು ನನ್ನ ಅನುಮಾನ.

ಅಮ್ಮನ ಮಾತು ಬಂತಲ್ಲ, ಅವಳ ಮೇಲೆ ನನಗಿದ್ದ ಸಿಟ್ಟನ್ನೂ ಹೇಳಿಬಿಡುತ್ತೇನೆ. ನಾವು ಹ್ಯೂಸ್ಟನ್ನಿನ ಪಕ್ಕದ ಮಿಸೌರಿ ಸಿಟಿಯಲ್ಲಿದ್ದಾಗ ಅಮ್ಮ ಒಮ್ಮೆ ಬಂದಿದ್ದಳು. ಆರು ತಿಂಗಳಿಗೆಂದು ಬಂದವಳು ಮಂಡಿ ನೋವು ಎಂದು ನಾಲ್ಕೇ ತಿಂಗಳಿಗೆ ಹೊರಟಳು. ಆಮೇಲೆ ಏಳು ವರ್ಷ ಇತ್ತ ತಲೆ ಹಾಕಲಿಲ್ಲ. ಅಲೆನ್‌ನ ಮನೆಯನ್ನು ಅವಳು ನೋಡಿಯೇ ಇರಲಿಲ್ಲ. ಕರೆದಾಗಲೆಲ್ಲ ಮಂಡಿ ನೋವು. ಅದೇ ಮಂಡಿಯಲ್ಲಿ ವರ್ಷವರ್ಷವೂ ಆಷಾಢದಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲನ್ನೆಲ್ಲ ಹತ್ತುತ್ತಿದ್ದಳು, ಒಮ್ಮೆ ಬದರಿಗೂ ಹೋಗಿ ಬಂದಳು. ಬದರಿಯ ಪ್ರಸಾದ ಅಂಚೆಯಲ್ಲಿ ಬಂದ ದಿನ ಫೋನಿನಲ್ಲಿ ಎಷ್ಟು ಕೂಗಾಡಿದೆನೆಂದರೆ ಸುಮಂಗಲಾ ಬಂದು ಕೈಯಿಂದ ಫೋನು ಕಿತ್ತುಕೊಂಡಳು. ಹಿಮಾಲಯ ಹತ್ತುವ ಮಂಡಿಗೆ ವಿಮಾನದಲ್ಲಿ ಕೂರಲು ಆಗುವುದಿಲ್ಲವೇ? ಮಗನ ಮನೆಗಿಂತ ಬದರಿ ಹತ್ತಿರವೇ?

ಚಟ್ನಿಯ ಭಾನುವಾರಕ್ಕೆ ವಾಪಸು ಬರುತ್ತೇನೆ. ಎರಡು ದಿನ ಬ್ರೆಡ್ಡು, ಮೂರನೆಯ ದಿನ ಪಾಸ್ತಾ ತಿಂದೆ. ಸಪ್ಪೆ ತಿಂದರೆ ಮನುಷ್ಯ ಶಾಂತನಾಗುತ್ತಾನೆ ಎಂದು ಯಾರೋ ಬರೆದಿರುವುದು ಶುದ್ಧ ಸುಳ್ಳು. ನಾಲ್ಕನೆಯ ದಿನ ಸಂಜೆ ಆಫೀಸಿನಿಂದ ಬಂದವನೇ ಗ್ಯಾರೇಜಿನ ಅಟ್ಟದಿಂದ ಹಳೆಯ ಕ್ಯಾಂಪಿಂಗ್ ಸ್ಟವ್ ಇಳಿಸಿದೆ. ಹ್ಯೂಸ್ಟನ್ ಕಾಲದ್ದು, ಎರಡು ಬರ್ನರಿನದು, ಮನೆ ಶಿಫ್ಟ್ ಆದಾಗ ಬಂದದ್ದು ಹಾಗೇ ಕೂತಿತ್ತು. ಬೇಟೆಯ ಬಟ್ಟೆಯ ಪೆಟ್ಟಿಗೆ ಮಹಡಿಯ ಮೇಲೆ ಕಪಾಟಿನಲ್ಲಿದೆ, ಗ್ಯಾರೇಜಿನ ವಾಸನೆ ಅಲ್ಲಿಗೆ ಹೋಗುವುದಿಲ್ಲ. ಕರಡಿಯೂ ನೆಮ್ಮದಿಯಾಗಿರಲಿ, ನಾನೂ ಸಾರು ಉಣ್ಣುತ್ತೇನೆ. ಗ್ಯಾರೇಜಿನ ಬಾಗಿಲನ್ನು ಮೊಳಕಾಲೆತ್ತರಕ್ಕೆ ಎತ್ತಿ, ಹುಲ್ಲು ಕತ್ತರಿಸುವ ಮೆಷಿನ್ನಿನ ಪಕ್ಕದಲ್ಲಿ ಸ್ಟವ್ ಹಚ್ಚಿದೆ. ಏಪ್ರಿಲ್‌ನಲ್ಲೇ ಒಳಗೆ ಸೆಕೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಯಾಕೋ ಆ ಸ್ಟವ್ವಿನ ಮುಂದೆ ಕೂತಾಗ ಏನೋ ಒಂದು ನೆನಪು ಬಂದಂತಾಯಿತು, ಹಿಡಿಯುವಷ್ಟರಲ್ಲಿ ಜಾರಿತು. ಸಾಸಿವೆ ಸಿಡಿಯಿತು, ಇಂಗು ಹಾಕಿದೆ. ಆಹಾ ಎಂದುಕೊಳ್ಳುವಷ್ಟರಲ್ಲಿ ಮನೆಯ ಒಳಗಿನ ಬಾಗಿಲು ದಡಾರನೆ ತೆರೆಯಿತು.

“ನಾಟ್ ಹಿಯರ್, ಅಪ್ಪಾ! ಎಲ್ಲಿ ಬೇಕಾದ್ರೂ ಮಾಡು, ನಾಟ್ ಹಿಯರ್!”

ನನ್ನನ್ನು ದಾಟಿ ಓಡಿದ ನಿಧಿ ನೀರು ಕಾಯಿಸುವ ಟ್ಯಾಂಕಿನ ಹಿಂದಿನಿಂದ ಜಿಪ್ಪಿನ ಉದ್ದನೆಯ ಚೀಲವೊಂದನ್ನು ಎಳೆದುಕೊಂಡಳು. ಜಿಪ್ಪು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಅವಳ ಸ್ಕೂಲ್ ಬ್ಯಾಂಡಿನ ಜಾಕೆಟ್, ಎರಡು ಸ್ವೆಟ್‌ಶರ್ಟು, ಕೊರಳಿಗೆ ಸುತ್ತುವ ಒಂದು ಬಟ್ಟೆ. ಅವಳು ಜಾಕೆಟ್ಟನ್ನು ಮೂಗಿಗೊತ್ತಿಕೊಂಡು ಮೂಸಿ ನೋಡಿದಳು.

“ಇದು ಇಲ್ಲಿ ಯಾಕಿದೆ?” ಎಂದೆ.

ಅವಳು ಸ್ವೆಟ್‌ಶರ್ಟನ್ನೂ ಮೂಸಿ ನೋಡಿದಳು.

“ಯಾವಾಗಿಂದ ಇಲ್ಲಿಟ್ಟಿದ್ದೀಯ?”

“ಸಿಕ್ಸ್ತ್ ಗ್ರೇಡ್.”

ಆರನೆಯ ಕ್ಲಾಸಿನಿಂದ. ದಿನಾ ಬೆಳಿಗ್ಗೆ ನನಗಿಂತ ಮೊದಲೇ ಗ್ಯಾರೇಜಿಗೆ ಹೋಗಿ ಕಾರಿನ ಪಕ್ಕದಲ್ಲಿ ತಯಾರಾಗಿ ನಿಲ್ಲುತ್ತಿದ್ದಳು ಈ ಹುಡುಗಿ. ಎಂಥ ಶಿಸ್ತು, ನನ್ನ ಹಾಗೇ ಎಂದು ನಾನು ಸುಮಂಗಲೆಯ ಮುಂದೆ ಕೊಚ್ಚಿಕೊಂಡಿದ್ದೆ. ಒಗ್ಗರಣೆಯ ವಾಸನೆ ತಾಕದಂತೆ ಬಟ್ಟೆಯನ್ನು ಇಲ್ಲಿ ಬಚ್ಚಿಟ್ಟು, ಇಲ್ಲೇ ಹಾಕಿಕೊಂಡು ಹೋಗುತ್ತಿದ್ದಳು. ನಾಲ್ಕು ವರ್ಷ. ನಾನು ಜಗತ್ತಿನಲ್ಲೇ ಸುರಕ್ಷಿತವೆಂದು ಒಗ್ಗರಣೆ ಹಾಕಲು ಹುಡುಕಿಕೊಂಡದ್ದು ಸರಿಯಾಗಿ ಅದೇ ಜಾಗ.

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ಆ ಸ್ಕೂಲಿನ ಮೇಲೆ, ಅಲ್ಲಿನ ಎಲ್ಲ ಮಕ್ಕಳ ಮೇಲೆ, ಅವರನ್ನು ಹೆತ್ತವರ ಮೇಲೆ. “ಯಾರು ಏನಂದ್ರು? ಹೆಸರು ಹೇಳು. ನಾಳೆ ಬೆಳಿಗ್ಗೆ ಪ್ರಿನ್ಸಿಪಾಲರ ರೂಮಿಗೇ ಬರ್ತೀನಿ. ಆ ಕೇಟೀನಾ?”

“ನೋಬಡಿ. ಯಾರೂ ಏನೂ ಅಂದಿಲ್ಲ, ಅಪ್ಪ.”

“ಯಾರೂ ಅನ್ನದೇ ನಿನಗೆ ಹೇಗೆ ಬಂತು ಈ ಬುದ್ಧಿ?”

ನಿಧಿ ಜಾಕೆಟ್ಟನ್ನು ಎದೆಗೆ ಹಿಡಿದುಕೊಂಡು ನೆಲದ ಮೇಲಿದ್ದ ಸ್ಟವ್ವನ್ನು ನೋಡಿದಳು. ಸದಾ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಅಂದು ಒಂದು ತಪ್ಪಿಲ್ಲದೆ ಕನ್ನಡದಲ್ಲಿ ಹೇಳಿದಳು.

“ಈ ವಾಸನೆ ಬಂದ್ರೆ ನಮ್ಮ ಮನೆ ಯಾರೂ ತಗೊಳಲ್ಲ, ಪುಟ್ಟಿ.”

ಅದು ನನ್ನ ಮಾತು. ಪುಟ್ಟಿ ಎಂದು ನಾನು ಅವಳನ್ನು ಕರೆಯುತ್ತಿದ್ದದ್ದು ಅವಳಿಗೆ ಎಂಟು ವರ್ಷವಿದ್ದಾಗ. ಸಾರಿನ ಪಾತ್ರೆ ಪಕ್ಕದಲ್ಲಿಟ್ಟು ಒಗ್ಗರಣೆ ಸೌಟು ಕೈಯಲ್ಲೇ ಹಿಡಿದು ನಿಂತೆ. ಆಗ ಜಾರಿಹೋಗಿದ್ದ ನೆನಪು ಈಗ ತಾನಾಗಿಯೇ ಬಂತು.

ಮಿಸೌರಿ ಸಿಟಿಯ ಮನೆಯನ್ನು ಮಾರಬೇಕಾಗಿತ್ತು. ನನಗೆ ಪ್ಲೇನೋದಲ್ಲಿ ಹೊಸ ಕೆಲಸ ಸಿಕ್ಕಿತ್ತು. ಅಮ್ಮ ಬಂದು ಎರಡು ತಿಂಗಳಾಗಿತ್ತು. ಮನೆ ಮಾರಿಕೊಡುವ ಹೆಂಗಸು ಬಂದು ಮೂಗೆಳೆದು, ಮುಗುಳ್ನಕ್ಕು, ಮನೆ ಮಾರಿಹೋಗುವ ತನಕ ನಿಮ್ಮ ಅಡುಗೆ ಬೇಡ, ಕೊಳ್ಳುವವರು ಬರುವ ದಿನ ಒಂದು ಬಟ್ಟಲು ನೀರಿಗೆ ವೆನಿಲ್ಲಾ ಹಾಕಿ ಓವನ್ನಿನಲ್ಲಿ ಬಿಸಿ ಮಾಡಿ ಎಂದಳು. ಅವಳ ಮೇಲೆ ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಹೂಂ ಹೂಂ ಎಂದು ತಲೆಯಾಡಿಸಿ, ಆ ದಿನ ಸಂಜೆಯೇ ಹೋಗಿ ಆ ಎರಡು ಬರ್ನರಿನ ಸ್ಟವ್ ತಂದು ಗ್ಯಾರೇಜಿನಲ್ಲಿಟ್ಟೆ. “ಅಮ್ಮ, ಇನ್ಮೇಲೆ ಇಲ್ಲೇ ಮಾಡು” ಎಂದೆ. ಆಗಸ್ಟ್ ತಿಂಗಳು. ಹ್ಯೂಸ್ಟನ್ನಿನ ಆಗಸ್ಟ್ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಒಳಗೆ ನಾವು ಎಸಿಯಲ್ಲಿ ಕೂತಿದ್ದರೆ, ಅಮ್ಮ ಪೇಂಟಿನ ಡಬ್ಬದ ಮೇಲೆ ಕೂತು ನಮಗೆ ಸಾರು ಮಾಡುತ್ತಿದ್ದಳು. ಅಜ್ಜಿ ಯಾಕೆ ಹೊರಗೆ ಎಂದು ಕೇಳಿದ ಮಗುವಿಗೆ ನಾನು ಕೊಟ್ಟ ಉತ್ತರವನ್ನೇ ನಿಧಿ ಏಳು ವರ್ಷ ಜೋಪಾನ ಮಾಡಿ ಇಟ್ಟುಕೊಂಡು, ಈಗ ನನ್ನ ಕೈಗೇ ಕೊಟ್ಟಿದ್ದಳು.

ಕೊನೆಗೆ ಆ ಮನೆ ಕೊಂಡವರು ಯಾರು ಗೊತ್ತೇ? ಹೈದರಾಬಾದಿನ ಡಾಕ್ಟರೊಬ್ಬರು. ಅವರ ಹೆಂಡತಿ ವೆನಿಲ್ಲಾ ವಾಸನೆಯ ಅಡುಗೆಮನೆಯಲ್ಲಿ ನಿಂತು ಕೇಳಿದ ಮೊದಲ ಪ್ರಶ್ನೆ, ಒಗ್ಗರಣೆ ಹಾಕಿದರೆ ಈ ಫ್ಯಾನು ಸರಿಯಾಗಿ ಎಳೆಯುತ್ತದೆಯೇ ಎಂದು. ಅದಾದ ಮೂರನೆಯ ವಾರಕ್ಕೆ ಅಮ್ಮ ಹೊರಟಳು. ಮಂಡಿ ನೋವು ಎಂದಳು.

ನಾನು ಮೂರ್ಖ, ಆದರೆ ಅಷ್ಟು ಮೂರ್ಖನಲ್ಲ. ಅಲೆನ್‌ನ ಗ್ಯಾರೇಜಿನಲ್ಲಿ ಆ ಸಂಜೆ ನನಗೆ ಅಮ್ಮನ ಮಂಡಿಯ ವಿಷಯ ಅರ್ಥವಾಯಿತು. ಏಳು ವರ್ಷ ಅವಳ ಮೇಲೆ ಕೂಗಾಡಿದ್ದೆಲ್ಲ ಅರ್ಥವಾಯಿತು. ಸ್ಟವ್ ಆರಿಸಿದೆ. ನಿಧಿ ಅಲ್ಲೇ ನಿಂತಿದ್ದಳು. ತಪ್ಪಾಯಿತು ಎನ್ನಬೇಕಾಗಿತ್ತು, ಬಾಯಿಂದ ಬಂದದ್ದು “ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?” ಎಂಬ ಗದರಿಕೆ. ಅವಳು ಚೀಲ ಎತ್ತಿಕೊಂಡು ಒಳಗೆ ಹೋದಳು. ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಆ ತನಕ ಯಾರ ಮೇಲೂ ಬಂದಿರಲಿಲ್ಲ.

ಆಮೇಲಿನ ದಿನಗಳಲ್ಲಿ ಪಟ್ಟಿಯನ್ನು ಅಕ್ಷರ ಬಿಡದೆ ಪಾಲಿಸಿದೆ. ಅದೇ ಸಾಬೂನು, ಅದೇ ಪಾಸ್ತಾ. ಒಂದೇ ಒಂದು ಮೋಸ ಮಾಡಿದೆ. ಅಡುಗೆಮನೆಯ ಬಾಗಿಲ ಹಿಂದೆ ವರ್ಷಗಟ್ಟಲೆ ತೂಗಿದ್ದ ನನ್ನ ಕಂದು ಸ್ವೆಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಬ್ಯಾಗಿನ ತಳದಲ್ಲಿ ಸೇರಿಸಿದೆ. ಯಾಕೆಂದು ಕೇಳಿದರೆ ಹಟ, ಅಷ್ಟೇ.

ಐಡಹೋದ ಗೈಡು ಎಪ್ಪತ್ತು ದಾಟಿದ ಮುದುಕ, ಹೆಸರು ಡೇಲ್. ಮೊದಲ ದಿನ ಕರಡಿಗೆ ಇಡುವ ಆಮಿಷ ತೋರಿಸಲು ನಮ್ಮನ್ನು ಒಂದು ಪೀಪಾಯಿಯ ಬಳಿಗೆ ಕರೆದುಕೊಂಡು ಹೋದ. ಮುಚ್ಚಳ ತೆಗೆದ. ಹಳೆಯ ಡೋನಟ್ಟು, ಕರಿದು ಉಳಿದ ಎಣ್ಣೆ, ಬೆಲ್ಲದ ಪಾಕದಂಥ ಕಪ್ಪು ರಸ, ಮೇಲೆ ಸೋಂಪಿನ ಎಣ್ಣೆ. ಕೊನೆಗೆ ಜೇಬಿನಿಂದ ಒಂದು ಬಾಟಲಿ ತೆಗೆದು ಧಾರಾಳವಾಗಿ ಸುರಿದ. ವೆನಿಲ್ಲಾ. ಮನೆ ಕೊಳ್ಳುವವರನ್ನು ಕರೆಯಲೂ ಕರಡಿಯನ್ನು ಕರೆಯಲೂ ಈ ದೇಶದಲ್ಲಿ ಒಂದೇ ಮಂತ್ರ. ಮದುವೆಮನೆಯ ಉಗ್ರಾಣದಷ್ಟು ವಾಸನೆಯನ್ನು ಕಾಡಿನಲ್ಲಿ ಎಬ್ಬಿಸಿಟ್ಟು, ನನ್ನ ಚಿಟಿಕೆ ಇಂಗಿಗೆ ಕರಡಿ ಹೆದರುತ್ತದೆ ಎಂದು ಪಟ್ಟಿ ಕಳಿಸಿದ್ದರು. ನನ್ನ ಮುಖ ಕೆಂಪಾದದ್ದು ನೋಡಿ ನಿಧಿ ತಿಂಗಳಲ್ಲಿ ಮೊದಲ ಸಲ ನಕ್ಕಳು.

ಹಸಿರು ಬಟ್ಟೆಯ ಪುಟ್ಟ ಗುಡಾರದಲ್ಲಿ ಮೂವರೂ ಮೂರು ಸಂಜೆ ಅಲ್ಲಾಡದೆ ಕೂತೆವು. ಏನೂ ಬರಲಿಲ್ಲ. ನಾಲ್ಕನೆಯ ಸಂಜೆ ಗಾಳಿ ತಣ್ಣಗಾಗಿ, ನಿಧಿಯ ಹಲ್ಲು ಕಟಕಟ ಎನ್ನತೊಡಗಿತು. ಮೇ ತಿಂಗಳಲ್ಲಿ ಇಷ್ಟು ಚಳಿ ಇರುತ್ತದೆಂದು ಟೆಕ್ಸಸ್‌ನವರಿಗೆ ಹೇಗೆ ಗೊತ್ತಾಗಬೇಕು. ಬ್ಯಾಗಿನ ತಳದಿಂದ ಆ ಚೀಲ ತೆಗೆದು ಬಿಚ್ಚಿದೆ. ಗುಡಾರದ ತುಂಬ ನಮ್ಮ ಅಡುಗೆಮನೆ ಬಂದು ಕೂತಿತು. ಡೇಲ್ ತಿರುಗಿ ನನ್ನನ್ನು ದುರುಗುಟ್ಟಿದ. ನಿಧಿ ಸ್ವೆಟರನ್ನು ನೋಡಿದಳು, ನನ್ನನ್ನು ನೋಡಿದಳು. ಕೈ ಚಾಚಿ ತೆಗೆದುಕೊಂಡು ತಲೆಯ ಮೇಲಿಂದ ಎಳೆದುಕೊಂಡಳು. ತೋಳು ಅಂಗೈ ದಾಟಿ ಇಳಿದಿತ್ತು. ಮಡಚಿ ಬಂದೂಕು ಹಿಡಿದಳು.

ಅರ್ಧ ಗಂಟೆ ಕಳೆದಿರಬೇಕು. ಮರಗಳ ನಡುವೆ ಒಂದು ಕಪ್ಪು ಕದಲಿತು. ಕರಡಿ ಪೀಪಾಯಿಯ ಹತ್ತಿರ ಬಂದು, ನಮ್ಮ ಗುಡಾರದ ಕಡೆಗೆ ಮೂತಿ ಎತ್ತಿ, ಉದ್ದಕ್ಕೆ ಉಸಿರೆಳೆದುಕೊಂಡಿತು. ಅಮ್ಮನ ಸೆರಗಿನ ಕಡೆ ಎಳೆದುಕೊಂಡಿತ್ತಲ್ಲ, ಹಾಗೆ. ಓಡಲಿಲ್ಲ. ಅಮೆರಿಕದಲ್ಲಿ ನನ್ನ ಒಗ್ಗರಣೆಗೆ ಮೂಗು ಮುರಿಯದೆ ನಿಂತದ್ದು ಅದೊಂದೇ. ನಿಧಿಯ ಬೆರಳು ಟ್ರಿಗರಿನ ಪಕ್ಕದಲ್ಲಿ ನೇರವಾಗಿ ನಿಂತಿತ್ತು, ತರಗತಿಯಲ್ಲಿ ನನಗಿಂತ ಚೆನ್ನಾಗಿ ಕಲಿತ ಹಾಗೆ. ಅಷ್ಟರಲ್ಲಿ ಪೊದೆಯಿಂದ ಎರಡು ಮರಿಗಳು ಉರುಳುತ್ತ ಬಂದವು. ಡೇಲ್ ಅಂಗೈಯನ್ನು ಕೆಳಗೆ ಮಾಡಿ ತೋರಿಸಿದ. ಮರಿಗಳಿರುವ ತಾಯಿಗೆ ಗುಂಡು ಹೊಡೆಯುವಂತಿಲ್ಲ. ನಿಧಿ ಬಂದೂಕು ಇಳಿಸಿ, ಹಿಡಿದಿದ್ದ ಉಸಿರನ್ನು ಬಿಟ್ಟಳು. ನಾನೂ ಬಿಟ್ಟೆ. ತಾಯಿ ತಿಂದು, ಮರಿಗಳಿಗೂ ತಿನ್ನಿಸಿ ಹೋಗುವ ತನಕ ನೋಡುತ್ತ ಕೂತೆವು. ಐದನೆಯ ದಿನ ಯಾವ ಕರಡಿಯೂ ಬರಲಿಲ್ಲ.

ವಾಪಸು ಬರುವಾಗ ವಿಮಾನದಲ್ಲಿ ನಿಧಿ ಹೆಡ್‌ಫೋನನ್ನು ಕಿವಿಯಿಂದ ಕೆಳಗಿಳಿಸಿ ಹೇಳಿದಳು. “ಅದಕ್ಕೆ ನಮ್ಮ ವಾಸನೆ ಬಂತು, ಅಪ್ಪ. ಆದ್ರೂ ನಿಂತಿತ್ತು.” ಸ್ವೆಟರು ಇನ್ನೂ ಅವಳ ಮೈಮೇಲೇ ಇತ್ತು. ಈಗ ಆಸ್ಟಿನ್‌ನಲ್ಲಿದೆ, ಕೇಳಿದರೆ ಕೊಡುವುದಿಲ್ಲ.

ಮರುದಿನ ಶನಿವಾರ. ಬೆಳಿಗ್ಗೆ ಮೈಸೂರಿಗೆ ಫೋನ್ ಮಾಡಿದೆ, ಅಲ್ಲಿ ಸಂಜೆ. ಅಮ್ಮ ಕರಡಿಯ ಕಥೆಯನ್ನೆಲ್ಲ ಕೇಳಿದಳು, ಮರಿಗಳು ಎಂದಾಗ ಲೊಚಗುಟ್ಟಿದಳು.

“ಮಂಡಿ ಹೇಗಿದೆಯಮ್ಮ?”

“ಇದೆ ಕಣೋ, ಹಾಗೇ.”

“ಅಮ್ಮ, ಮಿಸೌರಿ ಸಿಟಿ ಮನೇಲಿ ನಿನ್ನನ್ನ ಗ್ಯಾರೇಜಿನಲ್ಲಿ ಕೂರಿಸಿದ್ದೆ. ತಪ್ಪಾಯ್ತು.”

ಲೈನು ಕಡಿಯಿತೇನೋ ಎಂದು ನಾನು ಹಲೋ ಹಲೋ ಎಂದೆ.

“ಇದ್ದೀನೋ” ಎಂದಳು. ಆಮೇಲೆ ಕೇಳಿದಳು. “ಆ ಸ್ಟವ್ ಇನ್ನೂ ಇಟ್ಕೊಂಡಿದ್ದೀಯಾ?”

“ಇದೆ.”

“ಮೊದಲು ಅದನ್ನ ಎಸಿ.”

ಫೋನು ಕಿವಿಯಲ್ಲಿಟ್ಟುಕೊಂಡೇ ಗ್ಯಾರೇಜಿಗೆ ಹೋದೆ. ಸ್ಟವ್ವನ್ನು ಒಂದೇ ಕೈಯಲ್ಲಿ ಎತ್ತಿ, ಹೊರಗಿದ್ದ ಕಸದ ಡಬ್ಬಿಯ ಮುಚ್ಚಳ ಮೊಣಕೈಯಲ್ಲಿ ಸರಿಸಿ, ನನ್ನಲ್ಲಿದ್ದ ಸಿಟ್ಟನ್ನೆಲ್ಲ ಸೇರಿಸಿ ಒಳಗೆ ಬಡಿದೆ. ಖಾಲಿ ಡಬ್ಬಿ, ಸದ್ದಿಗೆ ಪಕ್ಕದ ಮನೆಯವರು ಕಿಟಕಿಗೆ ಬಂದರು.

“ಕೇಳಿಸ್ತು” ಎಂದಳು ಅಮ್ಮ. “ಈಗ ಟಿಕೆಟ್ ನೋಡು.”